ಮದುವೆ ದಿನವೇ ಕೆಡುವ ಎ.ಸಿ.

ಆ ದಿನ ಬೆಳಗ್ಗೆಯೂ ಅದೇ ರಾಗ...

"ಅಪ್ಪಾ, ಹೊಟ್ಟೆ ನೋವು. ಸ್ಕೂಲಿಗೆ ಹೋಗಲ್ಲ."

ನಾಗಭೂಷಣನಿಗೆ ರೇಗಿಹೋಯಿತು. ಮೂರನೇ ಕ್ಲಾಸಿನ ಮಗಳು ಚಾರ್ವಿಯದು ಬೇಸಿಗೆ ಶುರುವಾದಾಗಿನಿಂದ ಇದೇ ಗೋಳು. ಡಾಕ್ಟರಿಗೆ ತೋರಿಸಿದ್ದಾಯಿತು, ಸ್ಕ್ಯಾನಿಂಗ್ ಮಾಡಿಸಿದ್ದಾಯಿತು... ಏನೂ ಇಲ್ಲ ಅಂದರು.

ಅದೂ ದಿನಾ ಅಲ್ಲ. ನರ್ಸ್ ಆಗಿರುವ ಹೆಂಡತಿ ಪವಿತ್ರಾಳಿಗೆ ಬೆಳಗಿನ ಡ್ಯೂಟಿ ಬಿದ್ದ ದಿನ ಮಾತ್ರ. ಅಮ್ಮ ಇಲ್ಲ ಅಂತ ನಾಟಕ ಆಡುತ್ತಾಳೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

"ನಿನ್ನ ನಾಟಕ ಎಲ್ಲ ನಂಗೊತ್ತು. ಸುಮ್ನೆ ಗಾಡಿ ಹತ್ತು" ಅಂದ. ಓಂಕಾಳಿನ ನೀರು ಕುಡಿಸಿ ಬೈಕ್ ಹತ್ತಿಸಿದ.

ಕಿವಿಗೆ ಇಯರ್‌ಫೋನ್, ಮೇಲೆ ಹೆಲ್ಮೆಟ್... ಗಾಡಿ ಬೀದಿ ದಾಟುವಷ್ಟರಲ್ಲಿ ಫೋನ್ ಬಂತು. ಬೇಸಿಗೆ ಬಂತೆಂದರೆ ಅವನಿಗೆ ರಿಪೇರಿಯ ಫೋನುಗಳಿಂದ ಬಿಡುವೇ ಇಲ್ಲ.

ತುಮಕೂರಿನ ಕಲ್ಯಾಣ ಮಂಟಪವೊಂದರ ಮ್ಯಾನೇಜರ್ ಗುರುಸಿದ್ದಯ್ಯ. ಅಲ್ಲಿನ ದೊಡ್ಡ ಎ.ಸಿ. ಮಷೀನುಗಳ ರಿಪೇರಿಯೆಲ್ಲ ನಾಗಭೂಷಣನದೇ.

"ಎ.ಸಿ. ಮತ್ತೆ ನಿಂತೋಯ್ತು ಕಣಪ್ಪ. ಇವತ್ತು ಮದುವೆ ಬೇರೆ. ನಾಳೆ ಗೀಳೆ ಅನ್ಬೇಡ, ಈಗ್ಲೇ ಬಾ."

"ಡಿಸ್‌ಪ್ಲೇಲಿ ಏನು ಕೋಡ್ ಬಂದಿದೆ ಹೇಳಿ."

"ಏನೋ ಬಂದಿತ್ತು... ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡ್ದೆ. ಹೋಯ್ತು."

ನಾಗಭೂಷಣನ ಪಿತ್ತ ನೆತ್ತಿಗೇರಿತು.

ಮಷೀನು ತನ್ನ ಕಷ್ಟವನ್ನು ಕೋಡ್ ರೂಪದಲ್ಲಿ ಬಾಯಿ ಬಿಟ್ಟು ಹೇಳುತ್ತದೆ. ಜನ ಅದನ್ನು ಓದುವ ಮೊದಲೇ ಸ್ವಿಚ್ ಒತ್ತಿ ಅಳಿಸಿಬಿಡುತ್ತಾರೆ. ಆಮೇಲೆ ಇವನು ಬಂದು ಕಗ್ಗತ್ತಲಲ್ಲಿ ಸೂಜಿ ಹುಡುಕಬೇಕು...

"ಎಷ್ಟು ಸಲ ಹೇಳ್ಬೇಕು? ಒಂದು ಮಾತಾದ್ರೂ ಕಿವಿಗೆ ಹೋಗುತ್ತಾ? ಸಾಕಾಗಿ ಹೋಗಿದೆ ನಂಗೆ..."

ಸ್ಕೂಲ್ ಗೇಟ್ ಬರುವವರೆಗೂ ಕೂಗಾಡಿದ. ಚಾರ್ವಿ ಯಾವಾಗ ಇಳಿದು ಒಳಗೆ ಹೋದಳೋ, ಅವನು ನೋಡಲೂ ಇಲ್ಲ.

ಮಂಟಪದಲ್ಲಿ ಸೆಕೆಯೋ ಸೆಕೆ. ಮದುವೆಗೆ ಬಂದವರೆಲ್ಲ ಲಗ್ನಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಹುಡುಗಿಯ ಅಪ್ಪ ಗುರುಸಿದ್ದಯ್ಯನವರನ್ನು ನುಂಗುವ ಹಾಗೆ ನೋಡುತ್ತಿದ್ದರು.

ನಾಗಭೂಷಣ ಹಿಂಭಾಗಕ್ಕೆ ಹೋಗಿ ಮಷೀನ್ ನೋಡಿದ... ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

"ಇದೇನು ಸ್ವಾಮಿ?"

"ಇನ್ನೇನ್ ಮಾಡ್ಲಿ? ಮಂಟಪ ಖಾಲಿ ಇದ್ದಾಗ ಜುಮ್ ಅಂತ ಓಡುತ್ತೆ. ಮದುವೆ ದಿನಾನೇ ನಿಲ್ಲುತ್ತೆ. ದೃಷ್ಟಿ ಅಲ್ದೆ ಮತ್ತೇನು?"

ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಸ್ವಿಚ್ ಮುಟ್ಟದೆ ಕಾದ. ಸ್ವಲ್ಪ ಹೊತ್ತಿಗೆ ಓಡುತ್ತಿದ್ದ ಮಷೀನ್ ಮತ್ತೆ ನಿಂತು ಕೋಡ್ ಮಿನುಗಿತು.

ಅದರ ಅರ್ಥ ಇಷ್ಟೇ. ನನ್ನ ಬಿಸಿ ಹೊರಗೆ ಹೋಗುತ್ತಿಲ್ಲ, ಸುಟ್ಟುಹೋಗುವ ಮೊದಲು ನಾನೇ ನಿಂತಿದ್ದೇನೆ...

ಆದರೆ ಹಿಂದಿನ ಸಲಗಳಲ್ಲೇ ಮಷೀನನ್ನು ತೊಳೆದಿದ್ದ, ಫ್ಯಾನ್ ಬದಲಿಸಿದ್ದ, ಗ್ಯಾಸ್ ನೋಡಿದ್ದ. ಎಲ್ಲವೂ ಸರಿಯಾಗಿತ್ತು. ಹಿಂದೆಲ್ಲ ಅವನು ಬರುತ್ತಿದ್ದುದು ಮಾತ್ರ ಮದುವೆ ಮುಗಿದ ಮಾರನೇ ದಿನ, ಮಂಟಪ ಖಾಲಿ ಇದ್ದಾಗ.

ಇವತ್ತು ಟೂಲ್ ಬ್ಯಾಗ್ ಕೆಳಗಿಟ್ಟು ಮಷೀನಿನ ಸುತ್ತ ಒಂದು ಸುತ್ತು ಬಂದ.

ಅದರ ಬೆನ್ನ ಹಿಂದೆಯೇ ಅಡುಗೆಯವರು ದೊಡ್ಡ ದೊಡ್ಡ ಒಲೆ ಹೂಡಿದ್ದರು. ಧಗಧಗ ಉರಿ, ಮೇಲೆ ಸಾರಿನ ಕೊಳದಪ್ಪಲೆ.

"ಒಲೆ ಯಾವಾಗ್ಲೂ ಇಲ್ಲೇ ಹೂಡೋದಾ ಭಟ್ರೇ?"

"ಹೂಂ ಸ್ವಾಮಿ. ಇಲ್ಲಿ ಹೊಗೆ ನಿಲ್ಲಲ್ಲ. ಆ ಮಷೀನೇ ಎಳ್ಕೊಂಡುಬಿಡುತ್ತೆ."

ಒಲೆಗಳನ್ನು ಆಚೆ ಸಾಗಿಸಿದರು. ಹೋಳಿಗೆ ಬಡಿಸುವ ಹೊತ್ತಿಗೆ ಮಂಟಪ ತಂಪಾಯಿತು. ಆದರೆ ನಾಗಭೂಷಣ ತಂಪಾಗಲಿಲ್ಲ. ಗುರುಸಿದ್ದಯ್ಯನವರನ್ನು ಹಿಡಿದು ನಿಲ್ಲಿಸಿಕೊಂಡ.

"ಬೇಸಿಗೆ ಶುರುವಾದಾಗಿಂದ ಅದು ಒಂದೇ ಮಾತು ಹೇಳ್ತಿದೆ. ನೀವು ಬರೀ ಬಾಯಿ ಮುಚ್ಚಿಸ್ತಿದ್ದೀರಿ. ಅದರೊಳಗೆ ಏನೂ ತೊಂದ್ರೆ ಇಲ್ಲ ಸ್ವಾಮಿ. ಬೆನ್ನ ಹಿಂದೆ ಬೆಂಕಿ ಇಟ್ಟು, ಯಾಕೆ ನಿಂತೆ ಅಂದ್ರೆ ಅದು..."

ಮಾತು ಅರ್ಧಕ್ಕೇ ನಿಂತಿತು.

ಬೇಸಿಗೆ ಶುರುವಾದಾಗಿನಿಂದ ಒಂದೇ ಮಾತು... ಒಳಗೆ ನೋಡಿದರೆ ಏನೂ ಇಲ್ಲ... ಕೆಲವು ದಿನ ಮಾತ್ರ...

ಪವಿತ್ರಾಳಿಗೆ ಬೆಳಗಿನ ಡ್ಯೂಟಿ ಇದ್ದ ದಿನ ಮಗಳನ್ನು ಸ್ಕೂಲಿಗೆ ಬಿಡುವುದು ಯಾರು?

ಟೂಲ್ ಬ್ಯಾಗ್ ಎತ್ತಿಕೊಂಡ. "ಊಟ ಮಾಡ್ಕೊಂಡು ಹೋಗಪ್ಪ" ಎಂದು ಗುರುಸಿದ್ದಯ್ಯ ಕರೆದರೂ ನಿಲ್ಲಲಿಲ್ಲ.

ಸ್ಕೂಲ್ ಬಿಟ್ಟಾಗ ಅವನು ಗೇಟಿನ ಹತ್ತಿರ ನಿಂತಿದ್ದ. ಗೆಳತಿಯರ ಜೊತೆ ನಗುತ್ತಾ ಬಂದ ಚಾರ್ವಿ ಅಪ್ಪನನ್ನು ಕಂಡಳು... ಅವಳ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.

ಅವನು ಮುಂದೆ ಹೋಗಿ ಅವಳ ಬ್ಯಾಗ್ ಇಸಿದುಕೊಂಡ.

ಅಲ್ಲೇ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದ, "ಹೊಟ್ಟೆನೋವು ಎಲ್ಲಿ ಜಾಸ್ತಿ ಆಗುತ್ತೆ ಕಂದ? ಮನೇಲಾ, ಕ್ಲಾಸಲ್ಲಾ?"

ಚಾರ್ವಿ ಯೂನಿಫಾರಂ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು.

"ಬೈಕಲ್ಲಿ... ದಾರಿ ಉದ್ದಕ್ಕೂ ಬೈತಾ ಇರ್ತೀಯಲ್ಲ, ಅವಾಗ. ನೀನು ಬಿಡ್ತೀಯ ಅಂತ ಗೊತ್ತಾದ್ರೆ ಮನೇಲೇ ಶುರುವಾಗುತ್ತೆ."

"ಅದು ಫೋನಲ್ಲಿ ಪುಟ್ಟಾ. ನಿಂಗಲ್ಲ."

"ಗೊತ್ತು ಅಪ್ಪಾ... ಆದ್ರೆ ನೀನು ಬೈಯೋರು ಅಲ್ಲಿ ಇರಲ್ವಲ್ಲ. ನಾನೊಬ್ಳೇ ಇರ್ತೀನಿ."

ನಾಗಭೂಷಣನ ಕಣ್ಣು ತುಂಬಿ ಬಂತು. ಊರಿನ ಮಷೀನುಗಳ ಕಷ್ಟವನ್ನೆಲ್ಲ ಓದಿದವನು ಮನೆಯ ಕೂಸಿನದನ್ನು ಓಂಕಾಳಿನ ನೀರು ಕುಡಿಸಿ ಅಳಿಸುತ್ತಿದ್ದ.

ಇಯರ್‌ಫೋನ್ ತೆಗೆದು ಟೂಲ್ ಬ್ಯಾಗಿನ ತಳಕ್ಕೆ ಹಾಕಿದ. ದಾರಿಯಲ್ಲಿ ಫೋನ್ ರಿಂಗಾಗುತ್ತಲೇ ಇತ್ತು... ಅವನು ಎತ್ತಲಿಲ್ಲ.

ಮೊದಲ ತಿರುವಿನಲ್ಲಿ, ಹಿಂದೆ ಕೂತಿದ್ದ ಚಾರ್ವಿಯ ಪುಟ್ಟ ಕೈ ಹೊಟ್ಟೆ ಬಿಟ್ಟು ಅಪ್ಪನ ಸೊಂಟ ಹಿಡಿದುಕೊಂಡಿತು.

•

ನಮ್ಮವರು ಪದೇ ಪದೇ ನೋವು ಹೇಳಿಕೊಂಡರೆ ಬಾಯಿ ಮುಚ್ಚಿಸಬೇಡಿ, ಪಕ್ಕದಲ್ಲಿ ಉರಿಯುತ್ತಿರುವುದು ಏನೆಂದು ನೋಡಿ.

ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಬಹಳ ದಿನದಿಂದ ಅದೇ ಮಾತು ಹೇಳುತ್ತಿದ್ದಾರೆಯೇ... ಆ ಒಲೆ ನೀವೇ ಆಗಿರಬಹುದೇ?