ಮಡಿವಂತನ ಸೀಸೆ

"ಇದನ್ನ ತುಂಬಿಸಿ ಕೊಡು ಮಾರಾಯ. ನಾಳೆ ಡಾಕ್ಟರಿಗೆ ತೋರಿಸ್ಬೇಕು."

ಪುಟ್ಟಣ್ಣ ಖಾಲಿ ಸೀಸೆಯನ್ನು ಜಗಲಿಯ ಮೇಲಿಟ್ಟ. ಅವನಿಗೆ ಬೇಕಾಗಿದ್ದುದು ಮೂತ್ರ. ನರಸಿಂಹಮೂರ್ತಿ ಸೀಸೆಯನ್ನು ಮುಟ್ಟಲಿಲ್ಲ.

ಭದ್ರಾವತಿಯಲ್ಲಿ ಹೊಸದಾಗಿ ಎದ್ದ ಕಬ್ಬಿಣದ ಕಾರ್ಖಾನೆಯಲ್ಲಿ ಪುಟ್ಟಣ್ಣನಿಗೆ ಕೆಲಸ ನಿಶ್ಚಯವಾಗಿತ್ತು. ಮೂತ್ರ ಪರೀಕ್ಷೆ ಒಂದೇ ಬಾಕಿ. ಅದರಲ್ಲೇ ಎಡವಟ್ಟು. ಮಹಾಯುದ್ಧದಲ್ಲಿ ಕುದುರೆ ದಂಡಿನ ಜೊತೆ ಈಜಿಪ್ಟಿಗೆ ಹೋಗಿ ಬಂದಾಗಿನಿಂದ ಅವನಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಈ ಕೆಲಸವೂ ತಪ್ಪಿದರೆ ತೌರಿಗೆ ಹೊರಡುವುದಾಗಿ ಹೆಂಡತಿ ವಸಂತಮ್ಮ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಯಾರನ್ನು ಕೇಳುವುದೆಂದು ಪುಟ್ಟಣ್ಣ ಬಹಳ ಯೋಚಿಸಲಿಲ್ಲ. ಇಡೀ ಶಿವಮೊಗ್ಗದಲ್ಲಿ ತನ್ನ ಸಹಪಾಠಿ ಮೂರ್ತಿಗಿಂತ ಮಡಿವಂತನಿರಲಿಲ್ಲ. ಯುದ್ಧ ನಡೆದಷ್ಟು ಕಾಲವೂ ಕಾಶಿಯಲ್ಲಿ ವೇದ ಓದಿ ಬಂದವನು. ಈಗಲೂ ಊರು ಏಳುವ ಮೊದಲೇ ಒಬ್ಬನೇ ಹೊಳೆಗೆ ಹೋಗುತ್ತಿದ್ದ. ಮೈ ಬಡಕಲಾಗಿತ್ತು, ಉಪವಾಸದ ಫಲವೆಂದು ಜನ ಕೈಮುಗಿಯುತ್ತಿದ್ದರು. ಅಂಥವನ ಹೊಟ್ಟೆಯೊಳಗೆ ಕೊಳೆ ಎಲ್ಲಿಂದ ಬರಬೇಕು?

ಮೂರ್ತಿಯ ತಂದೆ ಇನ್ನೂ ಒಂದು ಕೈ ಮೇಲು. ಸಮುದ್ರ ದಾಟಿದವರು ಅವರ ಹೊಸಿಲು ದಾಟುವಂತಿರಲಿಲ್ಲ. ವಿಲಾಯತಿಗೆ ಹೋಗಿ ಬಂದ ಸ್ವಂತ ಅಳಿಯನನ್ನೇ ಜಾತಿಯಿಂದ ಹೊರಗಿಡಿಸಿದ್ದರು. ಪುಟ್ಟಣ್ಣನಿಗೆ ಜಗಲಿಯೇ ಗತಿ.

"ರಕ್ತ ದಿನಾ ಬರುತ್ತಾ?" ಮೂರ್ತಿ ಮೆಲ್ಲಗೆ ಕೇಳಿದ.

"ದಿನಾ. ಉರಿ ಬೇರೆ. ಪ್ರಾಣ ಹೋದ ಹಾಗಾಗುತ್ತೆ."

ಮೂರ್ತಿ ಒಳಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಸೀಸೆ ಎತ್ತಿಕೊಂಡ.

"ಕೊಡ್ತೀನಿ. ಆದ್ರೆ ಡಾಕ್ಟರು ಏನೇನು ಹೇಳಿದ್ರು ಅಂತ ಒಂದಕ್ಷರ ಬಿಡದೆ ಬಂದು ಹೇಳ್ಬೇಕು."

ಪುಟ್ಟಣ್ಣನ ಕಣ್ಣಲ್ಲಿ ನೀರು ಬಂತು. ಇಂಥ ಸ್ನೇಹಿತ ಯಾರಿಗುಂಟು?

ಮರುದಿನ ಭದ್ರಾವತಿಯಲ್ಲಿ ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಸೀಸೆಯಲ್ಲಿದ್ದುದು ತಿಳಿಯಾಗಿಯೇ ಇತ್ತು. ಪುಟ್ಟಣ್ಣ ಮೀಸೆ ತಿರುವುತ್ತ ನಿಂತಿದ್ದ.

"ಈಜಿಪ್ಟಿಗೆ ಹೋಗಿದ್ಯೇನಯ್ಯ?"

ಪುಟ್ಟಣ್ಣ ಮೀಸೆಯಿಂದ ಕೈ ತೆಗೆದ. "ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ?"

"ಇದರಲ್ಲಿ ಹುಳದ ಮೊಟ್ಟೆ ಇದೆ. ಅಲ್ಲಿನ ಕಾಲುವೆಗೆ ಇಳಿದವರ ಚರ್ಮ ಕೊರೆದು ಒಳಗೆ ನುಗ್ಗಿ ರಕ್ತದಲ್ಲೇ ಸಂಸಾರ ಹೂಡುವ ಹುಳ. ನಮ್ಮ ತುಂಗೆಯಲ್ಲಿಲ್ಲ, ಗಂಗೆಯಲ್ಲೂ ಇಲ್ಲ. ಹೆದರ್ಬೇಡ, ಸೂಜಿಮದ್ದು ಬಂದಿದೆ. ವಾಸಿ ಮಾಡ್ಕೊಂಡು ಕೆಲಸಕ್ಕೆ ಸೇರು."

"ಸ್ವಾಮಿ, ಆ ಸೀಸೆ ನಂದ..." ಎಂದವನು ಬಾಯಿ ಮುಚ್ಚಿಕೊಂಡ. ಕೆಲಸ ಸಿಕ್ಕಿತ್ತು, ಬಾಯಿಬಿಟ್ಟು ಕೆಡಿಸಿಕೊಳ್ಳುವುದು ಬೇಡವಾಗಿತ್ತು.

ಸಂಜೆ ಜಗಲಿಯಲ್ಲಿ ಕೂತು ಎಲ್ಲವನ್ನೂ ಮೂರ್ತಿಗೆ ಹೇಳಿದ. ಡಾಕ್ಟರಿಗೆ ಎಲ್ಲೋ ತಪ್ಪಾಗಿರಬೇಕು ಎಂದೂ ಸೇರಿಸಿದ. ಮೂರ್ತಿ ಎದ್ದು, ಒಳಗಿದ್ದ ತಂದೆಗೆ ಕೇಳದಂತೆ ಬಾಗಿಲು ಮುಂದೆ ಮಾಡಿದ.

"ನಾನು ಕಾಶಿ ನೋಡೇ ಇಲ್ಲ ಮಾರಾಯ. ಆ ಸೂಜಿಮದ್ದು ಇಬ್ಬರಿಗಾಗುವಷ್ಟು ಇದೆಯಂತಾ?"