ನೀಲಿ ಗೀರು

ಕುಂಡದ ಕಾಫಿ ಗಿಡದಲ್ಲಿ ಆ ಎಲೆಯೊಂದೇ ಇರಲಿಲ್ಲ. “ಅಪ್ಪಾ, ಎಲೆ ಎಲ್ಲಿ?” ಪ್ರಜ್ಞೇಶ್ ಕಿರುಚಿದ.

“ಕಿತ್ತು ಒಲೆಗೆ ಹಾಕಿದೆ. ನೀಲಿ ಗೀರು ಬಿದ್ದಿತ್ತು, ಎಂಥದೋ ಹೊಸ ರೋಗ ಮಾರಾಯ. ತೋಟಕ್ಕೆ ಹರಡುವ ಮೊದಲೇ ಕಂಡದ್ದು ಪುಣ್ಯ,” ಎಂದರು ಬೋಜಪ್ಪ.

ರೋಗವಂತೆ! ಕರೆಂಟು ಹರಿಯುವ ನೀಲಿ ಪ್ಲಾಸ್ಟಿಕ್ ಶಾಯಿಯನ್ನು ಮಂಜಿನಂತೆ ಹಾರಿಸಿ, ಎಲೆಯ ಮೇಲೆ ಕೂದಲೆಳೆಯಂಥ ಗೆರೆ ಮುದ್ರಿಸಲು ಅವನು ಕಾಲೇಜಿನ ಲ್ಯಾಬಿನಲ್ಲಿ ಬೇಸಿಗೆಯಿಡೀ ಒದ್ದಾಡಿದ್ದ. ಶಾಯಿ ಹಾರಿಸುವ ಯಂತ್ರದ ಮೂತಿ ದಿನಾ ಕಟ್ಟಿಕೊಳ್ಳುತ್ತಿತ್ತು. ಗಿಡಕ್ಕೆ ಬಾಯಾರಿದರೆ ಆ ಗೆರೆ ಫೋನಿಗೆ ತಿಳಿಸಬೇಕಿತ್ತು. ನಾಳೆಯೇ ಪರೀಕ್ಷಕರು ನೋಡಲು ಬರುವವರಿದ್ದರು. ತೋಟದ ಗಾಳಿಯಲ್ಲೂ ಕೆಲಸ ಮಾಡುತ್ತದೋ ನೋಡೋಣವೆಂದು ಮನೆಗೆ ತಂದದ್ದೇ ತಪ್ಪಾಯಿತು.

ಅವನು ತಲೆ ಮೇಲೆ ಕೈ ಹೊತ್ತು ಕುಳಿತ. ಬೋಜಪ್ಪ ಬೆನ್ನು ಸವರಿದರು. “ಬೇಜಾರು ಮಾಡ್ಬೇಡ. ಕಾಲೇಜಿನ ಗಿಡಗಳಿಗೂ ಗೀರು ಬಿದ್ದಿದ್ದರೆ ಹೇಳು, ನಾನೇ ಬಂದು ಕೀಳ್ತೇನೆ.”