ಬೆಲ್ಲ ಸವರಿದ ಸೈನ್ಯ

ವಾರ್ನಿಷ್ ವಾಸನೆ ಮೂಗಿಗೆ ಬಡಿದರೆ ಈಗಲೂ ಪಕ್ಕದ ಮನೆಯ ಭರತೇಶನ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಕ್ಕಂದಿನ ಒಂದು ದೀಪಾವಳಿಗೆ, ನಮ್ಮ ಕಡೆಯ ಮಕ್ಕಳ ರೂಢಿಯಂತೆ, ನಾವಿಬ್ಬರೂ ನಮ್ಮ ನಮ್ಮ ಅಂಗಳದಲ್ಲಿ ಮಣ್ಣಿನ ಕಿಲ್ಲೆ, ಅಂದರೆ ಪುಟ್ಟ ಕೋಟೆ, ಕಟ್ಟಿದ್ದೆವು. ಅವನ ಕಿಲ್ಲೆಯ ಮೇಲೆ ನಿಪ್ಪಾಣಿ ಪೇಟೆಯಿಂದ ತಂದ ಮರಾಠರ ಮಾವಳೆ ಸೈನಿಕರ ಹೊಸ ಗೊಂಬೆಗಳು, ವಾರ್ನಿಷ್ ಹಚ್ಚಿದವು, ಮಿರಮಿರ ಮಿಂಚುತ್ತಿದ್ದವು. ನನ್ನವು ಹಳೆಯವು, ಬಣ್ಣಗೆಟ್ಟವು.

"ಅಳಬ್ಯಾಡ, ನಿನ್ನವೂ ಹೊಳಿತಾವ" ಎಂದು ಅಜ್ಜಿ ಅವಕ್ಕೆಲ್ಲ ಜೋನಿಬೆಲ್ಲ ಸವರಿದಳು. ಹೊಳೆದವು ನಿಜ. ಮಧ್ಯಾಹ್ನದ ಹೊತ್ತಿಗೆ ಕೆಂಪಿರುವೆಗಳು ಸಾಲುಗಟ್ಟಿ ಕಿಲ್ಲೆ ಹತ್ತಿದವು. ನಾನು ಅಳುತ್ತಿದ್ದಾಗ ಭರತೇಶ ಬಂದು ಕಣ್ಣರಳಿಸಿದ.

"ಲೇ, ನಿನ್ನ ಕಿಲ್ಲೇದಾಗ ಖರೇನ ಲಡಾಯಿ ನಡದೈತಿ! ಅಜ್ಜಿ, ನನ್ನವಕ್ಕೂ ಹಚ್ಚಿಕೊಡ್ರಿ."

ಮೊದಲ ಸಲ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಅದರ ರುಚಿ ನೋಡುವ ಮೊದಲೇ ಅಜ್ಜಿ ಬೆಲ್ಲದ ಬಟ್ಟಲು ಹಿಡಿದು ಅವನ ಅಂಗಳಕ್ಕೆ ಹೊರಟಿದ್ದಳು.